ಅಡ್ವಾನ್ಸ್ ವಾಪಸ್ ಬಂತು

ಲೆಸ್ಟರ್

ಅಪ್ಪ, ಅಮ್ಮ,

ಹಳೇ ಮನೆ ಅಡ್ವಾನ್ಸ್ ಕೊನೆಗೂ ಬಂತು. ಫೋನಲ್ಲಿ ಬಂತು ಅಂತಷ್ಟೇ ಹೇಳಿದ್ದೆ, ಅವತ್ತು ಕೆಲಸಕ್ಕೆ ಹೊತ್ತಾಗ್ತಿತ್ತು, ಅದಕ್ಕೆ ಈಗ ಎಲ್ಲಾ ಬಿಡಿಸಿ ಬರೀತಿದೀನಿ. ತಮ್ಮಂಗೂ ಇದನ್ನ ಕಳಿಸಿ, ಅವನೂ ದಾಸರಹಳ್ಳಿ ಕಡೆ ಫ್ರೆಂಡ್ಸ್ ಜೊತೆ ಸೇರಿ ಮನೆ ಹುಡುಕ್ತಿದಾನಲ್ಲ.

ಅಮ್ಮ, ನೀನು ಹೇಳ್ತಾನೇ ಇದ್ದೆ, ಹೋದ್ರೆ ಹೋಗ್ಲಿ ಬಿಡು ಮಗಾ, ಪರದೇಶ, ಓನರ್ ಹತ್ರ ಕಿತ್ತಾಡ್ಕೊಂಡು ನಾಳೆ ವೀಸಾಗೆ ಏನಾದ್ರೂ ಆದ್ರೆ ಯಾರು ಬರ್ತಾರೆ ಅಂತ. ವೀಸಾಗೂ ಇದಕ್ಕೂ ಸಂಬಂಧನೇ ಇಲ್ಲಮ್ಮ, ಅದನ್ನ ಮೊದಲೇ ಕೇಳಿ ತಿಳ್ಕೊಂಡಿದ್ದೆ. ನಂಗೆ ಬಿಡೋಕೆ ಆಗ್ಲಿಲ್ಲ, ಯಾಕಂದ್ರೆ ಆ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತು. ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು, ಸುಲಿಸಿ, ಕೊಬ್ಬರಿ ಮಾಡಿ ತಿಪಟೂರು ಎಪಿಎಂಸಿಗೆ ಹಾಕೊಂಡು ಹೋದಾಗ ಹರಾಜಲ್ಲಿ ರೇಟ್ ಬಿದ್ದಿತ್ತು, ಇನ್ನೊಂದು ತಿಂಗಳು ತಡೆದಿದ್ರೆ ಅಪ್ಪಂಗೆ ಒಳ್ಳೆ ರೇಟ್ ಸಿಗ್ತಿತ್ತೋ ಏನೋ, ಆದ್ರೆ ನಾನು ಇಲ್ಲಿ ಮನೆಗೆ ಅಡ್ವಾನ್ಸ್ ಕಟ್ಟಬೇಕು ಅಂತ ಅವತ್ತೇ ಕೊಟ್ಟು ಬಂದ್ರು. ಆ ದುಡ್ಡನ್ನ ಯಾರೋ ಸುಳ್ಳು ಲೆಕ್ಕ ಬರ್ದು ನುಂಗ್ತಾರೆ ಅಂದ್ರೆ ಹೆಂಗೆ ಸುಮ್ನಿರ್ಲಿ.

ಇಲ್ಲಿ ಅಡ್ವಾನ್ಸ್ ನಮ್ಮ ಕಡೆ ಥರ ಅಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಕೇಳೋರು, ಇಂಗ್ಲೆಂಡಲ್ಲಿ 2019ರ ಕಾನೂನು ಬಂದ ಮೇಲೆ ನಮ್ಮಂಥ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ತಗೊಳ್ಳೋ ಹಂಗಿಲ್ಲ. ನಮ್ಮ ಮನೆಗೆ ತಿಂಗಳಿಗೆ 1,200 ಪೌಂಡ್, ಅಡ್ವಾನ್ಸ್ 1,384, ನಾಲ್ಕು ಜನ ಹುಡುಗೀರು ಇದ್ವಿ, ನನ್ನ ಪಾಲು 346, ಅಂದ್ರೆ ನಮ್ಮ ದುಡ್ಡಲ್ಲಿ 40 ಸಾವಿರದ ಹತ್ರ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ 2007ರಿಂದ ಇಲ್ಲಿ ಓನರ್ ಆ ದುಡ್ಡನ್ನ ಸುಮ್ನೆ ಜೇಬಿಗೆ ಹಾಕೊಳ್ಳೋ ಹಂಗಿಲ್ಲ, ಸರ್ಕಾರ ಒಪ್ಪಿರೋ ಮೂರು ಸ್ಕೀಮ್ ಇದಾವೆ, ಯಾವುದಾದ್ರೂ ಒಂದರಲ್ಲಿ 30 ದಿನದೊಳಗೆ ಸೇರಿಸಿ ನಮಗೆ ಪೇಪರ್ ಕೊಡಬೇಕು, ಇಲ್ಲಾಂದ್ರೆ ಕೋರ್ಟು ಅಡ್ವಾನ್ಸ್‌ನ ಒಂದರಿಂದ ಮೂರು ಪಟ್ಟು ತನಕ ದಂಡ ಹಾಕ್ಬಹುದು. ಊರಲ್ಲಿ ಇಬ್ರ ನಡುವೆ ವ್ಯಾಜ್ಯ ಇದ್ದಾಗ ದುಡ್ಡನ್ನ ಮೂರನೇ ಹಿರೀಕರ ಕೈಲಿ ಇಡ್ತಾರಲ್ಲ, ಹಂಗೆ. ನಮ್ಮದು ಪೂರ್ತಿ ಸ್ಕೀಮ್‌ನವರ ಹತ್ರನೇ ಇತ್ತು. ದುಡ್ಡು ಬಾಡಿಗೆದಾರರದ್ದು ಅಂತಲೇ ಲೆಕ್ಕ, ಮುರ್ಕೋಬೇಕು ಅಂದ್ರೆ ಯಾಕೆ ಅಂತ ಓನರ್ ಪ್ರೂವ್ ಮಾಡಬೇಕು, ನಾವಲ್ಲ. ಇದನ್ನ ಓದಿದ ದಿನ ನಂಗೆ ಅಕ್ಕ ಭಾವ ನೆನಪಾದ್ರು, ತುಮಕೂರಲ್ಲಿ ಮನೆ ಖಾಲಿ ಮಾಡಿದಾಗ ಒಂದು ತಿಂಗಳ ಬಾಡಿಗೆ ಸುಣ್ಣಬಣ್ಣಕ್ಕೆ ಮುರ್ಕೊಂಡು, ಮಿಕ್ಕಿದ್ದು ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ ಅಂತ ಓನರ್ ಎಷ್ಟು ಅಲೆಸಿದ್ರು ಭಾವನ್ನ, ಕೇಳೋಕೆ ಒಂದು ಜಾಗನೂ ಇರ್ಲಿಲ್ಲ ಅವರಿಗೆ.

ನಮ್ಮ ಓನರ್ ಏಜೆನ್ಸಿ ಮೂಲಕ ಕಳಿಸಿದ ಲೆಕ್ಕ 940 ಪೌಂಡ್. ಕಾರ್ಪೆಟ್ ಹೊಸದು ಹಾಕಿಸೋಕೆ 420, ಮನೆಗೆಲ್ಲಾ ಪೇಂಟಿಂಗ್ 300, ಕ್ಲೀನಿಂಗ್ 150, ಬಾತ್‌ರೂಮ್ ಗೋಡೆ ಬೂಷ್ಟು ತೆಗೆಸೋಕೆ 70. ಬೂಷ್ಟಿನ ವಿಷಯಕ್ಕೆ ನಂಗೆ ಜಾಸ್ತಿ ಸಿಟ್ಟು ಬಂತು, ಡಿಸೆಂಬರ್‌ನಲ್ಲೇ ಬಾತ್‌ರೂಮ್ ಫ್ಯಾನ್ ಕೆಟ್ಟಿದೆ, ಹಬೆ ಹೊರಗೆ ಹೋಗ್ತಿಲ್ಲ, ಗೋಡೆ ಕಪ್ಪಾಗ್ತಿದೆ ಅಂತ ಫೋಟೋ ಹಾಕಿ ಏಜೆನ್ಸಿಗೆ ಮೇಲ್ ಮಾಡಿದ್ದೆ, ಯಾರೂ ಬರ್ಲಿಲ್ಲ, ಈಗ ಅದೇ ಗೋಡೆಗೆ ನಮ್ಮ ಹತ್ರ ದುಡ್ಡು ಕೇಳ್ತಾರೆ. ಕಾರ್ಪೆಟ್ ಅಂತೂ ನಾವು ಹೋದಾಗಲೇ ಹಳೇದು, ಅವರೇ ಕೊಟ್ಟ ಸಾಮಾನು ಪಟ್ಟಿಲಿ ಕಲೆ ಇದೆ, ಸವೆದಿದೆ ಅಂತ ಬರ್ದಿತ್ತು. ಮೊದಲನೇ ದಿನ ಬ್ಯಾಗ್ ಬಿಚ್ಚೋಕೂ ಮುಂಚೆ ನಾನು ಎಲ್ಲಾ ರೂಮೂ ವಿಡಿಯೋ ಮಾಡಿ ಏಜೆನ್ಸಿಗೆ ಮೇಲ್ ಹಾಕಿದ್ದೆ, ಅದು ಎಷ್ಟು ಕೆಲಸಕ್ಕೆ ಬಂತು ಅಂತೀರಾ.

ಓನರ್ ಜೊತೆಗಿನ ಜಗಳಕ್ಕಿಂತ ನಮ್ಮ ನಮ್ಮಲ್ಲೇ ಆಗಿದ್ದು ಕಷ್ಟ ಆಯ್ತು. ನಾಲ್ಕು ಜನ ಒಂದೇ ಅಗ್ರಿಮೆಂಟ್‌ಗೆ ಸೈನ್ ಹಾಕಿದ್ರೆ ಕಾನೂನಿಗೆ ನಾಲ್ಕೂ ಜನ ಒಂದೇ, ಒಬ್ಬಳು ಹಾಳು ಮಾಡಿದ್ರೂ ಎಲ್ಲರ ಅಡ್ವಾನ್ಸಿಂದ ಹೋಗುತ್ತೆ, ಒಳಗೆ ಯಾರ ಪಾಲು ಎಷ್ಟು ಅಂತ ಸ್ಕೀಮ್‌ನವರು ತಲೆ ಹಾಕೋದೇ ಇಲ್ಲ. ಲೀಡ್ ಟೆನೆಂಟ್ ಅಂತ ಒಬ್ಬರ ಹೆಸರಿರುತ್ತೆ, ವ್ಯವಹಾರ ಎಲ್ಲಾ ಅವರ ಜೊತೆನೇ. ನಮ್ಮಲ್ಲಿ ಅದು ಹಿಂದೂಪುರದ ಹುಡುಗಿ, ಕನ್ನಡ ಚೆನ್ನಾಗಿ ಮಾತಾಡ್ತಾಳೆ ಅಂತ ಹೇಳಿದ್ದೆನಲ್ಲ ಅವಳೇ. ಅವಳಿಗೆ ಗ್ಲಾಸ್ಗೋದಲ್ಲಿ ಕೆಲಸ ಸಿಕ್ಕಿ ಹೊರಟುಹೋದ್ಲು, ಅಲ್ಲಿ ಹೊಸ ಮನೆಗೆ ದುಡ್ಡು ಕಟ್ಟಬೇಕು, ಕೈ ಖಾಲಿ. ಅಷ್ಟರಲ್ಲಿ ಏಜೆನ್ಸಿಯವರು 940ರ ಬದಲು 600 ಮುರ್ಕೊಂಡು ಮುಗಿಸ್ಕೊಳ್ಳೋಣ ಅಂದ್ರು, ಇವಳು ಒಪ್ಕೊಂಡೇ ಬಿಡೋಣ ಅಂತ ಹಟ ಹಿಡಿದ್ಲು. ಅವಳ ಕಷ್ಟನೂ ಸುಳ್ಳಲ್ಲ. ನಾನೂ ಕೇರಳದ ಹುಡುಗಿನೂ ರಾತ್ರಿ ಅವಳಿಗೆ ಫೋನ್ ಮಾಡಿ, ಸ್ಕೀಮ್‌ನಲ್ಲಿ ತಕರಾರು ಹಾಕಿದ್ರೆ ಒಂದು ಪೈಸೆ ಖರ್ಚಿಲ್ಲ, ಕೋರ್ಟಿಗೆ ಹೋಗೋದಿಲ್ಲ, ಬರೀ ಕಾಗದಪತ್ರ ನೋಡಿ ತೀರ್ಪು ಕೊಡ್ತಾರೆ, ಸ್ವಲ್ಪ ತಡ್ಕೊ ಅಂತ ಎಷ್ಟು ಹೊತ್ತು ಹೇಳಿದ್ವೋ. ಕೊನೆಗೆ ಕೇರಳದವಳು ಅವಳಿಗೆ ಕೈಸಾಲ ಕೊಟ್ಟ ಮೇಲೆ ಒಪ್ಪಿದ್ಲು.

ಇನ್ನೊಬ್ಬಳು ನಾಗ್ಪುರದವಳು. ಅವಳ ರೂಮಲ್ಲಿ ಕಾರ್ಪೆಟ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟ ಗುರುತಿತ್ತು, ಮೊದಲಿಂದಲೂ ಇತ್ತು ಅಂದ್ಲು, ನನ್ನ ವಿಡಿಯೋದಲ್ಲಿ ಇಲ್ಲ, ಅದನ್ನ ತೋರಿಸಿದ ಮೇಲೆ ಗ್ರೂಪಲ್ಲಿ ಮಾತೇ ಇಲ್ಲ. ವಿಡಿಯೋದ ಆ ಭಾಗ ಕಟ್ ಮಾಡಿ ಕಳಿಸು ಅಂತ ನಂಗೊಬ್ಬಳಿಗೇ ಮೆಸೇಜ್ ಮಾಡಿದ್ಲು. ನಾನು ಆಗಲ್ಲ ಅಂದೆ. ಆ ಒಂದು ಗುರುತು ನಮ್ಮದು, ಮಿಕ್ಕಿದ್ದು ನಮ್ಮದಲ್ಲ ಅಂತ ಸ್ಕೀಮ್‌ನವರಿಗೆ ನೇರವಾಗಿ ಬರೆದ್ವಿ, ಹಂಗೆ ಬರೆದಿದ್ದಕ್ಕೇ ಉಳಿದಿದ್ದನ್ನ ಅವರು ನಂಬಿದ್ರು ಅಂತ ನನಗನ್ಸುತ್ತೆ.

ತೀರ್ಪಲ್ಲಿ ಪೇಂಟಿಂಗ್‌ಗೆ ಒಂದು ಪೌಂಡೂ ಇಲ್ಲ, ಜನ ವಾಸ ಮಾಡಿದ ಮನೆ ಗೋಡೆ ಮಾಸೋದು ಸಹಜ ಅಂತ. ಬೂಷ್ಟಿಗೂ ಇಲ್ಲ, ಡಿಸೆಂಬರ್ ಮೇಲ್ ನೋಡಿದ್ರು. ಕಾರ್ಪೆಟ್‌ಗೆ 420ರ ಬದಲು 60, ಹಳೇದು ಹೋದ್ರೆ ಹೊಸದರ ರೇಟ್ ಕೇಳೋ ಹಂಗಿಲ್ಲ, ಅದರ ಆಯಸ್ಸು ಎಷ್ಟು ಉಳಿದಿತ್ತು ಅಂತ ಲೆಕ್ಕ ಹಾಕ್ತಾರೆ. ಕ್ಲೀನಿಂಗ್‌ಗೆ ಕಂಪನಿಯವರನ್ನೇ ಕರೆಸ್ಬೇಕು ಅಂತ ಏಜೆನ್ಸಿ ವಾದ, ಹಂಗೆ ಬಲವಂತ ಮಾಡೋಕೆ 2019ರ ಆ ಕಾನೂನು ಬಿಡಲ್ಲ, ಆದ್ರೆ ಚಿಮಣಿಲಿ ಒಗ್ಗರಣೆ ಜಿಡ್ಡು ಉಳಿದಿತ್ತು, ಅದಕ್ಕೆ 55 ಕೊಟ್ರು, ನ್ಯಾಯನೇ. ಒಟ್ಟು 115 ಹೋಗಿ 1,269 ವಾಪಸ್.

ದುಡ್ಡು ಹಿಂದೂಪುರದವಳ ಅಕೌಂಟಿಗೆ ಬಿತ್ತು, ಅಲ್ಲಿಂದ ಮತ್ತೆ ಶುರು. ಕೊನೇ ಕರೆಂಟ್ ಗ್ಯಾಸ್ ಬಿಲ್ ನಾನೇ ಕಟ್ಟಿದೀನಿ ಅಂತ ಒಬ್ಬೊಬ್ಬರಿಗೂ 70 ಪೌಂಡ್ ಹಿಡ್ಕೊಂಡ್ಲು. ಬಿಲ್ ಕಳಿಸು ಅಂದೆ, ಬೇಜಾರ್ ಮಾಡ್ಕೊಂಡ್ಲು, ಕಳಿಸಿದಾಗ ನೋಡಿದ್ರೆ ಅದು ಅಂದಾಜಿನ ಬಿಲ್, ನಾನು ಮನೆ ಬಿಡೋ ದಿನ ತೆಗೆದಿದ್ದ ಮೀಟರ್ ಫೋಟೋ ಕೊಟ್ಟು ಕಂಪನಿಯವರ ಹತ್ರ ಸರಿ ಮಾಡಿಸಿದ್ವಿ, ತಲೆಗೆ 22 ಬಂತು. ಕಾರ್ಪೆಟ್ 60 ನಾಗ್ಪುರದವಳು ಒಬ್ಬಳೇ ಕೊಟ್ಲು, ಕೊನೆಗೆ ಒಪ್ಕೊಂಡ್ಲು ಪಾಪ. ನನಗೆ 310 ಪೌಂಡ್ ಬಂತು. ಹಿಂದೂಪುರದವಳು ಈಗ ಮಾತಾಡ್ತಾಳೆ, ಮುಂಚಿನ ಸಲಿಗೆ ಇಲ್ಲ, ಅದು ನಂಗೆ ನೋವಿದೆ, ಒಂದೇ ಪಾತ್ರೇಲಿ ಅನ್ನ ಮಾಡ್ಕೊಂಡು ತಿಂದವರು ನಾವು.

ತಮ್ಮಂಗೆ ಹೇಳಿ, ಅಡ್ವಾನ್ಸ್ ಕ್ಯಾಶ್ ಕೊಡೋದು ಬೇಡ, ಬ್ಯಾಂಕಿಂದಲೇ ಹಾಕ್ಲಿ, ಪೇಂಟಿಂಗ್‌ಗೆ ಎಷ್ಟು ಮುರ್ಕೋತಾರೆ, ಖಾಲಿ ಮಾಡಿದ ಮೇಲೆ ಎಷ್ಟು ದಿನಕ್ಕೆ ಕೊಡ್ತಾರೆ ಅಂತ ಅಗ್ರಿಮೆಂಟಲ್ಲೇ ಬರೆಸ್ಲಿ. ಫ್ರೆಂಡ್ಸ್ ಎಷ್ಟೇ ಜಿಗ್ರಿ ಆದ್ರೂ ಯಾರು ಎಷ್ಟು ಕೊಟ್ರು, ಒಬ್ಬ ಮಧ್ಯದಲ್ಲಿ ಬಿಟ್ಟು ಹೋದ್ರೆ ಅವನ ಪಾಲು ಯಾರು ಕೊಡ್ತಾರೆ ಅಂತ ಮೊದಲೇ ವಾಟ್ಸಾಪ್ ಗ್ರೂಪಲ್ಲಿ ಹಾಕ್ಕೊಳ್ಲಿ. ನಮ್ಮ ಕಡೆ ದುಡ್ಡು ಹಿಡಿದಿಡೋ ಮೂರನೆಯವರು ಇಲ್ಲ, ಅದಕ್ಕೇ ಇನ್ನೂ ಹುಷಾರಾಗಿರಬೇಕು.

ಅಪ್ಪ, ಈ 310 ಪೌಂಡ್ ನಿಮ್ಮ ಅಕೌಂಟಿಗೆ ಹಾಕ್ತೀನಿ, ಬೇಡ ಅನ್ಬೇಡಿ, ಈಗಿನ ಮನೆಗೆ ನನ್ನ ಸಂಬಳದಲ್ಲೇ ಕಟ್ಟಿದೀನಿ. ಸೊಸೈಟಿ ಸಾಲದ ಕಂತಿಗೆ ಹಾಕ್ತೀರೋ, ಬೋರ್‌ವೆಲ್ ಮೋಟರ್ ರಿಪೇರಿ ಮಾಡಿಸ್ತೀರೋ ನಿಮ್ಮಿಷ್ಟ. ಪಾಸ್‌ಬುಕ್ ಮೊದಲನೇ ಪುಟದ ಫೋಟೋ ತೆಗೆದು ಕಳಿಸೋಕೆ ತಮ್ಮಂಗೆ ಹೇಳಿ, ಐಎಫ್‌ಎಸ್‌ಸಿ ನಂಬರ್ ಸರಿಯಾಗಿ ಕಾಣ್ಲಿ.

ನಿಮ್ಮ ಮಗಳು