ಡಿಬಿಎಂಎಸ್ ಲ್ಯಾಬ್‌ಗೆ ರಿಸ್ಟೋರ್ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಹುದ್ದೆಯ ಸಂದರ್ಶನಕ್ಕೆ ಬರುವ ಹೊಸ ಪದವೀಧರರಿಗೆ ನಾರ್ಮಲೈಸೇಷನ್ ಬಾಯಿಪಾಠ, ಜಾಯಿನ್ ಬರೆಯುವುದೂ ಗೊತ್ತು. ಅಳಿಸಿಹೋದ ಟೇಬಲನ್ನು ನಿನ್ನೆ ಮಧ್ಯಾಹ್ನ 2.40ರಲ್ಲಿ ಇದ್ದಂತೆ ತಂದುಕೊಡಿ, ಅಂದರೆ ರಿಸ್ಟೋರ್ ಮಾಡಿ ಎಂದರೆ ಮಾತ್ರ ಕೈ ಓಡುವುದಿಲ್ಲ. ಓಡುವುದಾದರೂ ಹೇಗೆ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮ್‌ನ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ) ಲ್ಯಾಬನ್ನೇ ನೋಡಿ: ಗ್ರಂಥಾಲಯ, ಆರ್ಡರ್, ಸಿನಿಮಾ, ಕಾಲೇಜು, ಕಂಪನಿ ಎಂಬ ಐದು ಡೇಟಾಬೇಸ್ ಕಟ್ಟಿ, ಕ್ವೆರಿ ಬರೆದು, ಒಂದು ಮಿನಿ ಪ್ರಾಜೆಕ್ಟ್ ತೋರಿಸಿದರೆ ಮುಗಿಯುತ್ತಿತ್ತು. ಕಟ್ಟಿದ್ದು ಕೆಟ್ಟರೆ ಏನು ಮಾಡಬೇಕು ಎನ್ನುವ ಪ್ರಯೋಗ ಅದರಲ್ಲಿರಲಿಲ್ಲ.

ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಫ್ಟ್‌ವೇರ್ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಸಾಕು. ಸಂಸ್ಥೆ ಅದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು. ರೆಪ್ಲಿಕೇಷನ್ (ಮುಖ್ಯ ಸರ್ವರ್‌ನ ಡೇಟಾವನ್ನು ಎರಡನೇ ಸರ್ವರ್‌ಗೆ ನಕಲಿಸುತ್ತಲೇ ಇರುವ ವ್ಯವಸ್ಥೆ) ಸರಿಪಡಿಸುತ್ತಿದ್ದ ಎಂಜಿನಿಯರ್ ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಸರಿ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಡೇಟಾಬೇಸ್‌ನ ಪ್ರತಿ (ಡಂಪ್) ತೆಗೆಯುವ ಪಿಜಿಡಂಪ್ ವಿಫಲವಾಗುತ್ತಲೇ ಬಂದಿತ್ತು: ಸರ್ವರ್‌ನಲ್ಲಿದ್ದ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ 9.6ನೇ ಆವೃತ್ತಿಯದು, ಡಂಪ್ ತೆಗೆಯುವ ಉಪಕರಣ ಹಳೆಯ 9.2ರದು. ವಿಫಲವಾಯಿತು ಎಂದು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರ ಕೈಗೂ ಸಿಕ್ಕಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ) ಮಾನ ಉಳಿಸಿತು. ಆ ಆರು ಗಂಟೆಯ ಡೇಟಾ ಹೋದದ್ದು ಹೋಯಿತು.

ಆದ್ದರಿಂದ ಕಲಿಯುವವರು ಶುರು ಮಾಡಬೇಕಾದದ್ದೇ ರಿಸ್ಟೋರ್‌ನಿಂದ. ಪೋಸ್ಟ್‌ಗ್ರೆಸ್‌ಗೆ ಲೈಸೆನ್ಸ್ ಖರ್ಚಿಲ್ಲ. 4 ಜಿಬಿ ರ‍್ಯಾಮ್, 30 ಜಿಬಿ ಖಾಲಿ ಡಿಸ್ಕ್ ಇರುವ ಹಳೆಯ ಡೆಸ್ಕ್‌ಟಾಪ್ ಆದೀತು. ಉಬುಂಟು ಅಥವಾ ಡೆಬಿಯನ್ ಲಿನಕ್ಸ್‌ನಲ್ಲಿ ಒಂದೇ ಯಂತ್ರದ ಮೇಲೆ ಎರಡು ಕ್ಲಸ್ಟರ್ (ತನ್ನದೇ ಡೇಟಾ ಡೈರೆಕ್ಟರಿ ಇರುವ ಪ್ರತ್ಯೇಕ ಪೋಸ್ಟ್‌ಗ್ರೆಸ್ ಸರ್ವರ್) ಮಾಡಿಕೊಳ್ಳಿ: ಒಂದು 5432 ಪೋರ್ಟ್‌ನಲ್ಲಿ, ಮತ್ತೊಂದು 5433ರಲ್ಲಿ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ, ಬ್ಯಾಂಕ್ ವಹಿವಾಟಿನ ಅಣಕು ಓಡಿಸುವ ಪರೀಕ್ಷಾ ಉಪಕರಣ ಪಿಜಿಬೆಂಚ್‌ಗೆ ಸ್ಕೇಲ್ 100 ಎಂದು ಕೊಟ್ಟರೆ ಅಕೌಂಟ್ಸ್ ಟೇಬಲ್‌ನಲ್ಲಿ ಒಂದು ಕೋಟಿ ಸಾಲು ತುಂಬುತ್ತದೆ, ಗಾತ್ರ ಸುಮಾರು 1.5 ಜಿಬಿ. ಹತ್ತು ಪುಸ್ತಕಗಳ ಗ್ರಂಥಾಲಯದಲ್ಲಿ ಕಾಣದ ತೊಂದರೆಗಳೆಲ್ಲ ಇಲ್ಲಿ ಕಾಣುತ್ತವೆ.

ಮೊದಲು ಪಿಜಿಡಂಪ್. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ತೆಗೆದರೆ ರಿಸ್ಟೋರ್ ಮಾಡುವಾಗ ನಾಲ್ಕು ಕೆಲಸಗಳನ್ನು ಒಟ್ಟಿಗೆ ಓಡಿಸಬಹುದು, ಒಂದೇ ಟೇಬಲನ್ನು ಹೆಕ್ಕಿ ತೆಗೆಯಲೂಬಹುದು. 5433ರಲ್ಲಿ ರಿಸ್ಟೋರ್ ಮಾಡಿದಾಗ ಅನೇಕರಿಗೆ ಎದುರಾಗುವ ಮೊದಲ ದೋಷ, ಇಂಥ ರೋಲ್ ಇಲ್ಲ ಎನ್ನುವುದು. ಯೂಸರ್‌ಗಳು, ಪಾಸ್‌ವರ್ಡ್‌ಗಳು ಇಡೀ ಕ್ಲಸ್ಟರ್‌ಗೆ ಸೇರಿದವು. ಪಿಜಿಡಂಪ್ ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ. ಪಿಜಿಡಂಪ್‌ಆಲ್‌ನಲ್ಲಿ ಗ್ಲೋಬಲ್ಸ್ ಮಾತ್ರ ಎಂಬ ಆಯ್ಕೆ ಇರುವುದು ಇದಕ್ಕೇ. ರಿಸ್ಟೋರ್ ಆದ ಮೇಲೆ ಅನಲೈಸ್ ಓಡಿಸುವುದನ್ನು ಮರೆತರೆ ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸಬೇಕೆಂದು ನಿರ್ಧರಿಸುವ ಪ್ಲಾನರ್‌ಗೆ ಅಂಕಿಅಂಶ ಇರುವುದಿಲ್ಲ, ನಿನ್ನೆ ಚಕ್ಕನೆ ಬರುತ್ತಿದ್ದ ಕ್ವೆರಿ ಇಂದು ತೆವಳುತ್ತದೆ.

ಡಂಪ್ ಹಿಡಿದಿಡುವುದು ಅದು ಶುರುವಾದ ಕ್ಷಣವನ್ನು ಮಾತ್ರ. ರಾತ್ರಿ ಒಂದಕ್ಕೆ ತೆಗೆದ ಡಂಪ್ ಇಟ್ಟುಕೊಂಡು ಮಧ್ಯಾಹ್ನ 2.40ಕ್ಕೆ ತಲುಪಲಾಗದು. ಅದಕ್ಕೆ ಬೇಸ್ ಬ್ಯಾಕಪ್ (ಇಡೀ ಡೇಟಾ ಡೈರೆಕ್ಟರಿಯ ನಕಲು) ಬೇಕು, ಅದಾದ ಮೇಲಿನ ವಾಲ್ ಫೈಲ್‌ಗಳು (ಪ್ರತಿ ಬದಲಾವಣೆಯನ್ನೂ ಸರ್ವರ್ ಮೊದಲು ಬರೆದಿಡುವ ದಾಖಲೆ) ಒಂದೂ ತಪ್ಪದೆ ಬೇಕು. ಆ ಫೈಲ್‌ಗಳನ್ನು ಬೇರೆಡೆ ನಕಲಿಸಿಡುವ ಆರ್ಕೈವ್ ಮೋಡ್ ಆನ್ ಮಾಡಿದ ಮೇಲೆ ಸರ್ವರ್ ರೀಸ್ಟಾರ್ಟ್ ಆಗಬೇಕು, ರೀಲೋಡ್ ಸಾಲದು. ಆರ್ಕೈವ್ ಕಮಾಂಡ್ ಬರೆಯುವಾಗ ಎರಡು ವಿಷಯ ನೆನಪಿರಲಿ. ಕಾಪಿ ನಿಜವಾಗಿ ಮುಗಿದಾಗ ಮಾತ್ರ ಅದು ಸೊನ್ನೆ (ಯಶಸ್ಸಿನ ಸಂಕೇತ) ಹಿಂತಿರುಗಿಸಬೇಕು; ಅದೇ ಹೆಸರಿನ ಫೈಲ್ ಅಲ್ಲಿ ಆಗಲೇ ಇದ್ದರೆ ಅದರ ಮೇಲೆ ಬರೆಯದೆ ನಿರಾಕರಿಸಬೇಕು. ವಾಲ್ ಫೈಲ್ ಒಂದೊಂದೂ 16 ಎಂಬಿ. ತುಂಬಿದ ಮೇಲಷ್ಟೇ ಆರ್ಕೈವ್‌ಗೆ ಹೋಗುವುದರಿಂದ ವಹಿವಾಟು ಕಡಿಮೆ ಇರುವ ಕಚೇರಿಯಲ್ಲಿ ಗಂಟೆಗಟ್ಟಲೆ ಡೇಟಾ ಮುಖ್ಯ ಡಿಸ್ಕ್‌ನಲ್ಲೇ ಉಳಿದಿರುತ್ತದೆ. ಆರ್ಕೈವ್ ಟೈಮ್‌ಔಟ್ 300 ಸೆಕೆಂಡ್ ಇಟ್ಟರೆ ಆ ಅಪಾಯ ಐದು ನಿಮಿಷದ ಆಸುಪಾಸಿಗೆ ಇಳಿಯುತ್ತದೆ.

ಆರ್ಕೈವ್ ಜಾಗ ತುಂಬಿ ಕಮಾಂಡ್ ವಿಫಲವಾದರೆ ಪೋಸ್ಟ್‌ಗ್ರೆಸ್ ವಾಲ್ ಫೈಲ್‌ಗಳನ್ನು ಬಿಸಾಡುವುದಿಲ್ಲ, ಕೂಡಿಡುತ್ತ ಹೋಗುತ್ತದೆ. ಕೊನೆಗೆ ಡಿಸ್ಕ್ ತುಂಬಿ ಸರ್ವರ್ ನಿಲ್ಲುತ್ತದೆ. ಎರಡನೇ ಸರ್ವರ್ ಓದುವವರೆಗೆ ವಾಲ್ ಫೈಲ್‌ಗಳನ್ನು ತಡೆದಿಡುವ ರೆಪ್ಲಿಕೇಷನ್ ಸ್ಲಾಟನ್ನು ಯಾರೂ ಓದದೆ ಬಿಟ್ಟರೂ ಆಗುವುದು ಇದೇ. ಆಗ ಗಾಬರಿಬಿದ್ದು ವಾಲ್ ಫೋಲ್ಡರನ್ನು ಕೈಯಾರೆ ಖಾಲಿ ಮಾಡಿದವರಿಗೆ ಡೇಟಾಬೇಸ್ ಮೇಲೇಳುವುದೇ ಇಲ್ಲ. ಆ ಫೋಲ್ಡರ್‌ನ ಹೆಸರಿನಲ್ಲಿ ಲಾಗ್ ಎಂದಿದ್ದುದರಿಂದ ಜನ ಹಳೆಯ ಲಾಗ್ ಎಂದುಕೊಂಡು ಅಳಿಸುತ್ತಿದ್ದರು. 2017ರ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಿಸಬೇಕಾಯಿತು. ಮಾಡಬೇಕಾದದ್ದು ಇಷ್ಟೇ: ಆರ್ಕೈವ್ ಜಾಗ ಬಿಡಿಸಿ, ಇಲ್ಲವೇ ಬೇಡದ ಸ್ಲಾಟ್ ಕಿತ್ತುಹಾಕಿ; ಉಳಿದ ಫೈಲ್‌ಗಳನ್ನು ಸರ್ವರೇ ತೆಗೆಯುತ್ತದೆ.

ಇನ್ನು ಹಿಂದಕ್ಕೆ ಹೋಗುವ ಕೆಲಸ. ಬೇಸ್ ಬ್ಯಾಕಪ್ಪನ್ನು 5433ರ ಡೈರೆಕ್ಟರಿಗೆ ಹಾಕಿ, ರಿಸ್ಟೋರ್ ಕಮಾಂಡ್ ಮತ್ತು ತಲುಪಬೇಕಾದ ಸಮಯ ಬರೆದು, ರಿಕವರಿ ಡಾಟ್ ಸಿಗ್ನಲ್ ಎಂಬ ಖಾಲಿ ಫೈಲ್ ಇಟ್ಟು ಸರ್ವರ್ ಶುರು ಮಾಡಬೇಕು. ಇಂಟರ್ನೆಟ್‌ನ ಹಳೆಯ ಪಾಠಗಳಲ್ಲಿ ರಿಕವರಿ ಡಾಟ್ ಕಾನ್ಫ್ ಎಂದಿರುತ್ತದೆ. 12ನೇ ಆವೃತ್ತಿಯಿಂದ ಈಚೆಗೆ ಆ ಫೈಲ್ ಕಂಡರೆ ಸರ್ವರ್ ಶುರುವಾಗುವುದೇ ಇಲ್ಲ. ಡೆಬಿಯನ್, ಉಬುಂಟುಗಳಲ್ಲಿ ಕಾನ್ಫಿಗರೇಷನ್ ಫೈಲ್‌ಗಳು ಡೇಟಾ ಡೈರೆಕ್ಟರಿಯ ಹೊರಗಿರುವುದರಿಂದ ಬೇಸ್ ಬ್ಯಾಕಪ್‌ನಲ್ಲಿ ಅವು ಬಂದಿರುವುದಿಲ್ಲ, ಬೇರೆಯಾಗಿ ಎತ್ತಿಡಬೇಕು. ಸಮಯ ಬರೆಯುವಾಗ +05:30 ಸೇರಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿರುತ್ತವೆ, ಬರೀ 14:40 ಎಂದರೆ ನಮ್ಮ ರಾತ್ರಿ 8.10. ಟೇಬಲ್ ಅಳಿಸಿದ ಕ್ಷಣವನ್ನು ದಾಟಿಹೋದ ರಿಸ್ಟೋರ್‌ನಿಂದ ಏನು ಬಂತು? ಗುರಿ ಮುಟ್ಟಿದ ಮೇಲೆ ಸರ್ವರ್ ಓದಲು ಮಾತ್ರ ಬಿಟ್ಟು ಕಾಯುತ್ತದೆ. ಕೆಟ್ಟಿದೆ ಎಂದುಕೊಂಡು ಅದನ್ನು ರೀಸ್ಟಾರ್ಟ್ ಮಾಡಬೇಡಿ. ಡೇಟಾ ಸರಿಯಿದೆಯೇ ನೋಡಿ, ಆಮೇಲೆ ರೀಪ್ಲೇ ರೆಸ್ಯೂಮ್ ಫಂಕ್ಷನ್ ಕರೆದರೆ ಬರೆಯಲು ತೆರೆದುಕೊಳ್ಳುತ್ತದೆ.

ರೆಪ್ಲಿಕಾ (ನಕಲು ಸರ್ವರ್) ಇದೆ, ಬ್ಯಾಕಪ್ ಯಾಕೆ ಎನ್ನುವವರು ಈಗಲೂ ಇದ್ದಾರೆ. ಮುಖ್ಯ ಸರ್ವರ್‌ನಲ್ಲಿ ಅಳಿಸಿದ ಟೇಬಲ್ ರೆಪ್ಲಿಕಾದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಅಳಿದಿರುತ್ತದೆ.

ರಿಸ್ಟೋರ್ ಕೈಹಿಡಿದ ಮೇಲೆ ಲಾಕ್ (ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗ) ಪಾಠಕ್ಕೆ ಮೂರು ಟರ್ಮಿನಲ್ ಸಾಕು. ಒಂದರಲ್ಲಿ ಬಿಗಿನ್ ಎಂದು ಒಂದು ಸಾಲು ಅಪ್‌ಡೇಟ್ ಮಾಡಿ ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂಗೊಳಿಸದೆ) ಬಿಡಿ. ಎರಡನೆಯದರಲ್ಲಿ ಅದೇ ಟೇಬಲ್‌ಗೆ ಆಲ್ಟರ್ ಕೊಟ್ಟು ಕಾಲಂ ಸೇರಿಸಿ, ಅದು ಕಾಯುತ್ತ ಕೂರುತ್ತದೆ. ಮೂರನೆಯದರಲ್ಲಿ ಬರೀ ಸೆಲೆಕ್ಟ್ ಓಡಿಸಿದರೂ ಅದು ಆಲ್ಟರ್‌ನ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಹಾಡಹಗಲು ಒಂದು ಕಾಲಂ ಸೇರಿಸಲು ಹೋಗಿ ಇಡೀ ವೆಬ್‌ಸೈಟ್ ನಿಂತಿತು ಎನ್ನುವ ಕಥೆಗಳ ಹಿಂದೆ ಇರುವುದು ಹೆಚ್ಚಾಗಿ ಇದೇ. ಆಲ್ಟರ್‌ಗೆ ಮೊದಲು ಲಾಕ್ ಟೈಮ್‌ಔಟ್ ಎರಡು ಸೆಕೆಂಡ್ ಇಟ್ಟರೆ ಅದು ಸೋತು ಹೊರಬರುತ್ತದೆ, ಉಳಿದವರ ಕೆಲಸ ನಡೆಯುತ್ತದೆ.

ಕಮಿಟ್ ಮಾಡದೆ ಬಿಟ್ಟ ಅಂಥ ಸೆಷನ್ ವ್ಯಾಕ್ಯೂಮ್‌ಗೂ ಅಡ್ಡಗಾಲು. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮಾಡಿದ ಸಾಲು ಡಿಸ್ಕ್‌ನಲ್ಲೇ ಇರುತ್ತದೆ, ಅದನ್ನು ಗುಡಿಸುವುದು ಆಟೋವ್ಯಾಕ್ಯೂಮ್. ಮೂಲ ಸೆಟ್ಟಿಂಗ್‌ನಲ್ಲಿ ಟೇಬಲ್‌ನ ಶೇ 20ರಷ್ಟು ಸಾಲು ಸತ್ತ ಮೇಲೆ ಅದು ಏಳುತ್ತದೆ. ಕೋಟಿ ಸಾಲಿನ ಟೇಬಲ್‌ನಲ್ಲಿ 20 ಲಕ್ಷ ಸತ್ತ ಸಾಲು ಎಂದರೆ ತೀರ ತಡ. ದೊಡ್ಡ ಟೇಬಲ್‌ಗಳಿಗೆ ಶೇ 2 ಎಂದು ಇಳಿಸುವುದು ಮೇಲು. ವ್ಯಾಕ್ಯೂಮ್ ಫುಲ್ ಟೇಬಲನ್ನು ಪೂರ್ತಿ ಬೀಗ ಹಾಕಿಕೊಂಡು ಹೊಸದಾಗಿ ಬರೆಯುತ್ತದೆ. ಕಚೇರಿ ವೇಳೆಯಲ್ಲಿ ಅದರ ಹೆಸರೆತ್ತಬಾರದು.

ಕನ್ನಡ ಹೆಸರುಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್‌ಗಳಿಗೆ ಬೇರೆಯದೇ ತಲೆನೋವಿದೆ. ಲಕ್ಷ್ಮೀನಾರಾಯಣ ಎಂಬುದು ಓದುವವರಿಗೆ ಆರು ಅಕ್ಷರ, ಯೂನಿಕೋಡ್‌ನಲ್ಲಿ 13 ಸಂಕೇತ, ಯುಟಿಎಫ್-8ರಲ್ಲಿ 39 ಬೈಟ್. ಪೋಸ್ಟ್‌ಗ್ರೆಸ್‌ನ ವರ್‌ಚಾರ್ (ಪಠ್ಯದ ಕಾಲಂ) ಎಣಿಸುವುದು 13 ಎಂದು. ಒರಾಕಲ್ ಡೇಟಾಬೇಸ್‌ನ ವರ್‌ಚಾರ್2, ಅಕ್ಷರ ಎಣಿಸು ಎಂದು ಹೇಳದಿದ್ದರೆ, ಬೈಟ್ ಎಣಿಸುವುದರಿಂದ 30ರ ಕಾಲಂನಲ್ಲಿ ಈ ಹೆಸರು ಹಿಡಿಯುವುದೇ ಇಲ್ಲ. ಇದಕ್ಕಿಂತ ಗಂಭೀರವಾದದ್ದು ಕೊಲೇಷನ್ (ಅಕ್ಷರಗಳ ಅನುಕ್ರಮ). ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರಲ್ಲಿ ಬಂದ 2.28ನೇ ಆವೃತ್ತಿ ಅಕ್ಷರ ಜೋಡಿಸುವ ಕ್ರಮವನ್ನು ಬದಲಿಸಿತು. ಸೆಂಟ್‌ಓಎಸ್ 7ರಲ್ಲಿದ್ದ ಡೇಟಾ ಡೈರೆಕ್ಟರಿಯನ್ನು ಹಾಗೆಯೇ ಹೊಸ ಲಿನಕ್ಸ್‌ಗೆ ಒಯ್ದರೆ ಪಠ್ಯದ ಇಂಡೆಕ್ಸ್‌ಗಳು (ಬೇಗ ಹುಡುಕಲು ಇಟ್ಟ ಸೂಚಿಗಳು) ಹಳೆಯ ಕ್ರಮದಲ್ಲೇ ಉಳಿಯುತ್ತವೆ. ಇರುವ ಹೆಸರು ಹುಡುಕಿದರೆ ಸಿಗದಿರಬಹುದು, ಯೂನಿಕ್ ಇಂಡೆಕ್ಸ್ ಇದ್ದೂ ಒಂದೇ ಹೆಸರು ಎರಡು ಸಲ ಸೇರಬಹುದು, ದೋಷ ಸಂದೇಶ ಮಾತ್ರ ಬರದೇ ಹೋಗಬಹುದು. ಒಯ್ದ ಕೂಡಲೇ ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಬೇಕು, ಇಲ್ಲವೇ ಡಂಪ್ ಮೂಲಕವೇ ಸಾಗಿಸಬೇಕು.

ವಿಶ್ವವಿದ್ಯಾಲಯಗಳು ಲ್ಯಾಬ್‌ಗೆ ಇಂಥ ಒಂದು ಪರೀಕ್ಷೆ ಸೇರಿಸಲಿ. ಪಿಜಿಬೆಂಚ್ ಓಡುತ್ತಿರುವಾಗ ಪರೀಕ್ಷಕರು ಗಡಿಯಾರ ನೋಡಿಕೊಂಡು ಅಕೌಂಟ್ಸ್ ಟೇಬಲನ್ನು ಡ್ರಾಪ್ ಮಾಡಲಿ. ವಿದ್ಯಾರ್ಥಿಗೆ ಒಂದು ಗಂಟೆ ಕೊಡಲಿ. ತಂದದ್ದು ಸರಿಯೇ ಎಂದು ನೋಡುವುದು ಸುಲಭ: ಅಕೌಂಟ್ಸ್, ಟೆಲ್ಲರ್ಸ್, ಬ್ರಾಂಚಸ್ ಟೇಬಲ್‌ಗಳ ಬ್ಯಾಲೆನ್ಸ್ ಮೊತ್ತವೂ ಹಿಸ್ಟರಿ ಟೇಬಲ್‌ನ ಡೆಲ್ಟಾ (ಪ್ರತಿ ವಹಿವಾಟಿನ ಬದಲಾವಣೆ) ಮೊತ್ತವೂ ನಾಲ್ಕೂ ಒಂದೇ ಇರಬೇಕು, ಹಿಸ್ಟರಿಯ ಕೊನೆಯ ಸಮಯ ಡ್ರಾಪ್‌ಗೆ ಎಷ್ಟು ಹತ್ತಿರವಿದೆಯೋ ಅಷ್ಟು ಅಂಕ. ಒಂದೇ ಎಚ್ಚರ: ಪಿಜಿಬೆಂಚ್ ಪ್ರತಿ ಓಟಕ್ಕೂ ಮೊದಲು ಹಿಸ್ಟರಿ ಟೇಬಲನ್ನು ಖಾಲಿ ಮಾಡುತ್ತದೆ. ಸಣ್ಣಕ್ಷರದ ‘ಎನ್’ (-n) ಆಯ್ಕೆ ಕೊಡದೆ ಎರಡನೇ ಸಲ ಓಡಿಸಿದ್ದರೆ ಮೊತ್ತಗಳು ತಾಳೆಯಾಗುವುದಿಲ್ಲ. ವಿದ್ಯಾರ್ಥಿಯ ಅಂಕ ಕಳೆಯುವ ಮೊದಲು ಪರೀಕ್ಷಕರು ಅದನ್ನೊಮ್ಮೆ ನೋಡಿಕೊಳ್ಳಬೇಕು.

– ಡೇಟಾಬೇಸ್ ನಿರ್ವಾಹಕ, ಮೈಸೂರು