ಬೆಟ್ಟದ ಹೆಸರುಗಳನ್ನು ಬರೆದಿಡಿ

ಮಾನ್ಯ ಸಂಪಾದಕರೇ,

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ, ಅಟ್ಲಾಂಟಿಕ್ ಕಡಲಿಗೆ ಒತ್ತಿಕೊಂಡು ಮ್ವೀಲ್‌ರೇ ಎಂಬ ಬೆಟ್ಟವಿದೆ. ಎತ್ತರ 814 ಮೀಟರ್, ನಮ್ಮ ಕೊಡಗಿನ ಪುಷ್ಪಗಿರಿಯ ಅರ್ಧಕ್ಕೂ ಕಡಿಮೆ. ಮಗಳ ಮನೆಗೆ ಹೋದಾಗ ಹತ್ತಿದೆ. ಕಾಲಿಟ್ಟಲ್ಲೆಲ್ಲ ಜೌಗು, ಬೂಟಿನೊಳಗೆ ಕಪ್ಪು ನೀರು. ತುದಿಯಲ್ಲಿ ಒಂದು ಮರವೂ ಇಲ್ಲ. ಐರಿಷ್‌ನಲ್ಲಿ ಅದರ ಹೆಸರಿನ ಅರ್ಥವೂ ಅದೇ: ನುಣ್ಣನೆಯ ಬೋಳು ಬೆಟ್ಟ. 1830ರ ದಶಕದಲ್ಲಿ ಜಾನ್ ಓ'ಡೊನೊವನ್ ಎಂಬ ವಿದ್ವಾಂಸರು ಸರ್ವೆ ಕೆಲಸಕ್ಕಾಗಿ ಊರೂರು ತಿರುಗಿ, ಸ್ಥಳೀಯರ ಬಾಯಿಂದಲೇ ಅಲ್ಲಿನ ಹೆಸರುಗಳನ್ನು ಕೇಳಿ ಬರೆದುಕೊಂಡರು. ಇಂದು ಸರ್ಕಾರದ ಸ್ಥಳನಾಮ ಶಾಖೆಯ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು.

ಪುಷ್ಪಗಿರಿಯೇ ಸುಬ್ರಹ್ಮಣ್ಯದ ಕಡೆಯವರಿಗೆ ಕುಮಾರ ಪರ್ವತ. ಅಂಥ ದೊಡ್ಡ ಹೆಸರುಗಳು ಉಳಿದಾವು. ತೋಟದ ಅಂಚಿನ ಸಣ್ಣ ಬೆಟ್ಟ, ಬಂಡೆ, ತೊರೆಗಳ ಹೆಸರು ಅಜ್ಜಂದಿರ ಜೊತೆಗೇ ಹೋಗುತ್ತಿವೆ. ಬರುವ ಪ್ರವಾಸಿಗರಿಗೆ ಎಲ್ಲವೂ ವ್ಯೂ ಪಾಯಿಂಟ್. ನನಗಿದು ಬಹಳ ಸಂಕಟ ತಂದಿದೆ. ಪಂಚಾಯಿತಿಗಳು ಹಿರಿಯರನ್ನು ಕೂರಿಸಿಕೊಂಡು ಕೊಡವ, ಅರೆಭಾಷೆ, ಯರವ, ಕುರುಬ ನುಡಿಗಳ ಹೆಸರನ್ನು ಅವರು ಹೇಳಿದ ಹಾಗೆಯೇ ರೆಕಾರ್ಡ್ ಮಾಡಲಿ. ಮಡಿಕೇರಿಯ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳೆರಡೂ ಕೈಜೋಡಿಸಲಿ. ಅರಣ್ಯ ಇಲಾಖೆ ಚಾರಣದ ಗೇಟಿನಲ್ಲಿ, ಶುಲ್ಕದ ಬೋರ್ಡಿನ ಪಕ್ಕದಲ್ಲೇ ಆ ಹೆಸರುಗಳನ್ನು ಹಾಕಲಿ.

– ಒಬ್ಬ ಕಾಫಿ ಬೆಳೆಗಾರ, ಶಾಂತಳ್ಳಿ, ಸೋಮವಾರಪೇಟೆ ತಾಲ್ಲೂಕು