ರಸ್ತೆ ನಿರ್ವಹಣೆಯ ಲೆಕ್ಕ ಬೇರೆ ಕೊಡಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರ.

ರಸ್ತೆ ಕೆಟ್ಟಿದೆ ಎಂದರೆ ಕೋಟಿಗಳ ಲೆಕ್ಕ ಹೇಳುತ್ತೀರಿ, ಅಮೆರಿಕ, ಜರ್ಮನಿ ಜತೆ ಹೋಲಿಸುತ್ತೀರಿ. ಕೇಳಿ ಕೇಳಿ ಸಾಕಾಗಿದೆ. 2024-25ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯಕ್ಕೆ ಸುಮಾರು 2.78 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದು ನಿಜ. ಅದರ ಬಹುಪಾಲು ರಾಷ್ಟ್ರೀಯ ಹೆದ್ದಾರಿಗೆ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆಯ ಜಿಲ್ಲಾ ಮುಖ್ಯ ರಸ್ತೆಗಳ ಭಾರ ರಾಜ್ಯದ ಮೇಲೆ. ಅಮೆರಿಕದಲ್ಲೂ ರಸ್ತೆ ಖರ್ಚಿನ ದೊಡ್ಡ ಪಾಲು ರಾಜ್ಯ, ಸ್ಥಳೀಯ ಸಂಸ್ಥೆಗಳದ್ದೇ. ಕೇಂದ್ರದ ಬಜೆಟ್ಟುಗಳನ್ನಷ್ಟೇ ಪಕ್ಕಪಕ್ಕ ಇಟ್ಟರೆ ನಮ್ಮೂರ ರಸ್ತೆಯ ಸ್ಥಿತಿ ತಿಳಿಯುವುದಿಲ್ಲ.

ರಾಜ್ಯದ ಬಜೆಟ್ಟಿನಲ್ಲಿ ರಸ್ತೆಗೆ ಎರಡು ಲೆಕ್ಕಶೀರ್ಷಿಕೆಗಳಿವೆ: 5054 ಹೊಸ ಕಾಮಗಾರಿಗೆ, 3054 ನಿರ್ವಹಣೆಗೆ. ಇದು ತಮಗೆ ಗೊತ್ತಿರುವುದೇ. ನಮಗೆ ಬೇಕಾದದ್ದು 3054ರ ಲೆಕ್ಕ, ಒಂದೊಂದು ರಸ್ತೆಗೂ ಬೇರೆ ಬೇರೆಯಾಗಿ.

ರಸ್ತೆ ಕೆಡಿಸುವವರಿಂದ ದುಡ್ಡು ವಸೂಲಿ ಮಾಡುವ ದೇಶಗಳಿವೆ. ಜರ್ಮನಿ 2005ರಿಂದ ಭಾರೀ ಲಾರಿಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಶುಲ್ಕ ಹಾಕುತ್ತಿದೆ. ನ್ಯೂಜಿಲೆಂಡ್‌ನಲ್ಲಿ ಡೀಸೆಲ್ ವಾಹನಗಳು ತೂಕ, ದೂರ ನೋಡಿ ಕಟ್ಟಬೇಕು. ಅಮೆರಿಕ 1993ರಿಂದ ಪೆಟ್ರೋಲ್ ಮೇಲಿನ ಕೇಂದ್ರ ತೆರಿಗೆಯನ್ನು ಗ್ಯಾಲನ್‌ಗೆ 18.4 ಸೆಂಟ್‌ನಲ್ಲೇ ನಿಲ್ಲಿಸಿದ್ದರಿಂದ, 2008ರಿಂದೀಚೆಗೆ ಹೆದ್ದಾರಿ ನಿಧಿಗೆ ಬೊಕ್ಕಸದ ದುಡ್ಡು ಮತ್ತೆ ಮತ್ತೆ ಸುರಿಯಬೇಕಾಗಿ ಬಂದಿದೆ.

ತೂಕ ಯಾಕೆ ಮುಖ್ಯ? ಆಕ್ಸೆಲ್ (ಗಾಲಿಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟು. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟಯರಿನ ಆಕ್ಸೆಲ್ ಮಿತಿ 10.2 ಟನ್‌ನಿಂದ 11.5ಕ್ಕೆ ಏರಿತು. ಆ ಲೆಕ್ಕದಲ್ಲಿ ಹಾನಿ ಶೇ. 60ರಷ್ಟು ಹೆಚ್ಚು, ಅದೂ ಮಿತಿಯೊಳಗೇ ತುಂಬಿದ ಲಾರಿಯಿಂದ. ಸಿಮೆಂಟ್, ಕಲ್ಲು ಹೊರುವ ನಮ್ಮ ರಸ್ತೆಗಳ ಎಸ್ಟಿಮೇಟಿನಲ್ಲಿ ಈ ಲೆಕ್ಕ ಹಿಡಿದಿದ್ದೀರಾ?

ಕೆಳಗೆ ಎರೆ ಮಣ್ಣು. ಬೇಸಿಗೆಗೆ ಕುಗ್ಗಿ ರಸ್ತೆಯ ಅಂಚಿನುದ್ದ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಅದರೊಳಗೇ ಇಳಿಯುತ್ತದೆ. ಗಟಾರ ಹೂಳು ತುಂಬಿದ್ದರೆ ನೀರು ಅಡಿಯಲ್ಲೇ ನಿಲ್ಲುತ್ತದೆ. ಗಾಲಿ ಒತ್ತಿದಾಗ ರಾಡಿ ಖಡಿಯ ಸಂದಿಯಿಂದ ಮೇಲೆದ್ದು, ಡಾಂಬರು ಹೆಂಚಿನಂತೆ ಒಡೆಯುತ್ತದೆ. ಮಣ್ಣಿಗೆ ಪರೀಕ್ಷೆ ನೋಡಿ ಶೇ. 3ರಿಂದ 5ರಷ್ಟು ಸುಣ್ಣ ಬೆರೆಸಬೇಕು, ಇಲ್ಲವೇ ಅರ್ಧ ಮೀಟರಿಗೂ ಹೆಚ್ಚು ಒಳ್ಳೆಯ ಗರಸು ಮಣ್ಣು ತುಂಬಬೇಕು. ಗಟಾರದ ತಳ ಖಡಿಯ ಪದರಕ್ಕಿಂತ ಕೆಳಗಿರಬೇಕು. ಗಟಾರದ ಹೂಳನ್ನೂ ತೆಗೆಯದೆ ಮೇಲೆ ಹೊಸ ಡಾಂಬರು ಎಳೆಯುವುದು ಜನರ ದುಡ್ಡನ್ನು ನೀರಿಗೆ ಹಾಕಿದಂತೆ. ಇದು ಅನ್ಯಾಯ, ವರ್ಷವರ್ಷವೂ ನಡೆಯುವ ಅನ್ಯಾಯ.

ಬೇಡಿಕೆ ಒಂದೇ: ಕ್ಷೇತ್ರದ ಪ್ರತಿ ರಸ್ತೆಗೆ 3054ರಲ್ಲಿ ಕಿಲೋಮೀಟರಿಗೆ ಎಷ್ಟು ಖರ್ಚಾಯಿತು, ಗಟಾರಕ್ಕೆ ಎಷ್ಟು, ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ದುರಸ್ತಿ ಮಾಡಬೇಕಾದ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ, ಇವನ್ನು ಪ್ರಕಟಿಸಿ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬಂದದ್ದನ್ನೂ ಸೇರಿಸಿ. ನಿರ್ವಹಣೆಯ ಲೆಕ್ಕ ಬೇರೆಯಾಗಿ ಕೊಡಿ, ಮಳೆಗಾಲಕ್ಕೆ ಮುಂಚೆ ಕೊಡಿ.

ಇಂತಿ,
ಕಲಬುರಗಿಯ ಒಬ್ಬ ಮತದಾರ